ಮರೆತ ಟೇಪು

ಗ್ಲ್ದಾನಿಯ ಹದಿನಾರು ಮಹಡಿಯ ವಠಾರಕ್ಕೆ
ಮೊದಲ ಕರಡು ಹಿಡಿದು ಹೋದೆವು, ನಾನು, ನೆಸ್ತಾನ್.
ತೆಳ್ಳನೆಯ ಕಾಗದದ ಮೇಲೊಂದು ದುಂಡನೆ ಅಂಗಳ,
ಸುತ್ತ ಹನ್ನೆರಡು ಬೆಂಚು, ನಡುವೆ ಕಾರಂಜಿ,
ಪೆನ್ಸಿಲ್ಲಿನ ಜನ, ಕೈ ಬೀಸುತ್ತ,
ಒಬ್ಬರಿಗೂ ಮುಖವಿಲ್ಲ.

ತ್ಸಿಯಾಲಾ ಅಜ್ಜಿ ಕನ್ನಡಕ ಹುಡುಕಿ ತಂದು
ನಕ್ಷೆಯನ್ನು ತಲೆಕೆಳಗಾಗಿಯೇ ಓದಿದಳು.
"ಮುರ್ಮಾನನ ಗ್ಯಾರೇಜು ಎಲ್ಲಿ?"
ತೆಗೆದಿದ್ದೇವೆ, ಎಂದೆ.
"ಮತ್ತೆ ಡಾಮಿನೋ ಎಲ್ಲಾಡುತ್ತಾರೆ?"
ಅದಕ್ಕೇ ಬೆಂಚು.
ಉಪ್ಪಿಲ್ಲದ ಸಾರು ಬಡಿಸಿದವನನ್ನು ನೋಡುವಂತೆ
ನೋಡಿದಳು. ಮಾತಾಡಲಿಲ್ಲ.
ತಟ್ಟೆ ತುಂಬ ಹಿಪ್ಪುನೇರಳೆ ಹಣ್ಣು ಮುಂದಿಟ್ಟಳು.

ಕೆಳಗಿಳಿದ ಮೇಲೆ ನೆನಪು: ಅಳತೆಯ ಟೇಪು ಮೇಲೇ ಉಳಿದಿದೆ.
ಹತ್ತಲು ಕಾಸು ಕೇಳುವ ಲಿಫ್ಟು ಅದು.
ಜೇಬು ತಡಕಿದೆ, ಬರೀ ನೋಟು.
ಎರಡು ಉದ್ದನೆ ರೊಟ್ಟಿ ಅವುಚಿಕೊಂಡು ಬಂದ ಹುಡುಗ
ತುದಿಗಾಲಲ್ಲಿ ನಿಂತು
ಕಾಸಿನ ಡಬ್ಬಿಯ ನೆತ್ತಿ ಸವರಿದ.
ಹತ್ತು ತೆತ್ರಿಯ ನಾಣ್ಯ ಸಿಕ್ಕಿತು.
ಯಾರದು?
"ಯಾರದೋ."
ವಾಪಸು?
"ಇದ್ದಾಗ ಇಡೋದು."
ಏಳನೆಯದಕ್ಕೆ ಅವನಿಳಿದ, ಹನ್ನೊಂದಕ್ಕೆ ನಾವು.
ಬಿಸಿ ರೊಟ್ಟಿಯ ವಾಸನೆ ನಮ್ಮ ಜೊತೆಗೇ ಬಂತು.

ಆ ರಾತ್ರಿ ನೆಸ್ತಾನ್ ಕಾರಂಜಿ ಅಳಿಸಿದಳು,
ಬೆಂಚು ಒಂದೊಂದಾಗಿ. ರಬ್ಬರಿನ ಪುಡಿ ಊದಿ
ಗ್ಯಾರೇಜನ್ನು ಅದರ ಜಾಗದಲ್ಲೇ ಬರೆದಳು,
ಬಾಗಿಲು ತೆರೆದೇ.
ಆಮೇಲೆ ಲಿಫ್ಟಿನ ಪಕ್ಕ, ಮಗುವಿನ ಕೈಗೆಟಕುವಷ್ಟು ಎತ್ತರದಲ್ಲಿ
ನಾಲ್ಕು ಬೆರಳಗಲದ ಒಂದು ಹಲಗೆ.

ಕಚೇರಿಯಲ್ಲಿ ಕೇಳಿದರು: ಇಷ್ಟೇನಾ?
ಸದ್ಯಕ್ಕೆ, ಎಂದೆ.
ಆ ಹತ್ತು ತೆತ್ರಿ ಇನ್ನೂ ನನ್ನ ಮೇಲಿದೆ.
ಇಡಲು ಹೋಗಬೇಕು,
ಹೋದಾಗ ಅಜ್ಜಿಗೆ ಈ ಕರಡನ್ನೂ ತೋರಿಸಬೇಕು,
ಯಾವ ಕಡೆಯಿಂದ ಬೇಕಾದರೂ ನೋಡಲಿ.