ಇದು ಶಾರ್ಟ್ ಅಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಗಲ್ಲಿ. ಸೂರಿನ ತಗಡಿಗೂ ಮಸಿ.
ನನ್ನ ವೈಂಡಿಂಗ್ ಅಂಗಡಿಯ ಕಟ್ಟೆ ಮೇಲೆ
ದಾದಾಪೀರನ ಮಗಳು ನೌಶೀನ್
ರಟ್ಟು ಹರವಿ ಕೂತಿದ್ದಾಳೆ:
ಎರಡು ಸೆಲ್ಲು, ಟಾರ್ಚಿನ ಬಲ್ಬು,
ಎಣ್ಣೆಡಬ್ಬಿ ಕತ್ತರಿಸಿದ ತಗಡಿನ ನಾಲಿಗೆಗಳೇ ಸ್ವಿಚ್ಚು.

ಒಂದರ ಹಿಂದೊಂದು ಎರಡು ನಾಲಿಗೆ.
"ಇದು 'ಮತ್ತು', ಕೊಟ್ರಪ್ಪ ಮಾಮಾ.
ಅಬ್ಬಾನೂ ಹೂಂ ಅನಬೇಕು, ದಾದೀನೂ ಹೂಂ ಅನಬೇಕು,
ಆಮೇಲೇ ಹೊಸ ಚಪ್ಪಲಿ."

ಅಕ್ಕಪಕ್ಕ ಎರಡು.
"ಇದು 'ಅಥವಾ'. ಹೊಟ್ಟು ಹಾಕ್ರಿ, ಹಳೇ ಟೈರು ಹಾಕ್ರಿ,
ಎರಡೂ ಹಾಕ್ರಿ, ಮರಳು ಕಾಯ್ತೈತಿ."

ಮೂರನೆಯದು ಮೊದಲೇ ಉರಿಯುತ್ತಿತ್ತು.
ಒತ್ತಿದೆ. ಆರಿತು.
ಬಿಟ್ಟೆ. ಹತ್ತಿತು.
ಮೂವತ್ತು ವರ್ಷ ತಾಮ್ರ ಸುತ್ತಿದ ಕೈ
"ಶಾರ್ಟ್ ಆಗೈತವ್ವ" ಎಂದು ತಂತಿ ಕೀಳಹೋಯಿತು.
ತಡೆದಳು.
"ಶಾರ್ಟ್ ಅಲ್ಲ. ಅದರ ಹೆಸರೇ 'ಅಲ್ಲ'.
ಸಲೀಸಾದ ದಾರಿ ಸಿಕ್ಕರೆ ಕರೆಂಟು
ಬಲ್ಬಿನ ಮನಿಗೆ ಯಾಕ ಹೋಗ್ತೈತಿ?"

ಸುಟ್ಟ ಮೋಟಾರುಗಳನ್ನೆಲ್ಲ ನೆನೆದೆ;
ಎಷ್ಟು ಬೈದಿದ್ದೆ ಇದೇ ದಾರಿಯನ್ನು.
ಸೆಲ್ಲು ಕಾದಿತ್ತು. ಹಳೇ ಇಸ್ತ್ರಿಪೆಟ್ಟಿಗೆಯ ಕಾಯಿಲಿನಿಂದ
ಗೇಣು ಮುರಿದು ನಡುವೆ ಸೇರಿಸಿಕೊಟ್ಟೆ.
ಬೆಳಕು ತುಸು ಸಣ್ಣಗಾಯಿತು, ಸೆಲ್ಲು ತಣ್ಣಗಾಯಿತು.
ಅದೊಂದೇ ನನ್ನ ಪಾಠ.

ಏಳಕ್ಕೆ ಗಲ್ಲಿಯ ಕರೆಂಟು ಹೋಯಿತು.
ಅಂಗಡಿ ಗೋಡೆಯ ಎಮರ್ಜೆನ್ಸಿ ಲೈಟು
ತಾನಾಗಿ ಹತ್ತಿತು, ಎಂದಿನಂತೆ.
ನೌಶೀನ್ ತಲೆ ಎತ್ತಿ ಅದನ್ನು ನೋಡಿದಳು,
ಆಮೇಲೆ ನನ್ನನ್ನು.
ನಾನು ಮೆಲ್ಲಗೆ ಅಂದೆ: "ಅಲ್ಲ?"
"ಹೂಂ," ಅಂದಳು.