ಐದು ಹಿಡಿ

ಸತ್ಯಮಿತ್ರ ಮಾಸ್ತರ,
ನಿಮ್ಮ ಕೆಂಪು ಗೆರಿ ವಹಿಯಾಗ
ಹನ್ನೊಂದನೇ ಹೆಸರು: ಬನವ್ವ, ನೇಕಾರ ಓಣಿ, ಬೆಟಗೇರಿ.
ಮುಂದ ಬರದೀರಿ: ಜೋಳ ಹತ್ತು ಕಿಲೋ, ಮುಟ್ಟಿದೆ.
ಅದು ತಪ್ಪೈತ್ರಿ.
ಐದು ಹಿಡಿ ಕಡಿಮಿ ಮುಟ್ಟೇತಿ.
ಕದ್ದಿಲ್ಲ. ಹೇಳತೀನಿ, ಪೆನ್ನು ಕೆಳಗಿಡ್ರಿ.

ಶನಿವಾರ ಸಂಜಿ ಚರ್ಚಿನ ಹಿಂದಿನ ಖೋಲಿಯೊಳಗ
ನಾವು ಆರು ಮಂದಿ ಇದ್ವಿ.
ಎಸ್ತೇರಿ ಅಳೀತಿದ್ಲು,
ವಿಮೋಚನ ಎಣ್ಣಿ ಪಾಕೀಟು ಎಣಿಸಿ ಎಣಿಸಿ ಮರೀತಿದ್ದ,
ಅವನ ತಲಿ ಮರುದಿನದ ಕ್ರಿಕೆಟ್ಟಿನಾಗ.
ಮನಿಮನಿ ಒಲಿ ಮಗ್ಗಲ ಇಟ್ಟ ಹಿಡಿ ಡಬ್ಬಿ
ಒಂದೊಂದ ಬಂದು ಚಾಪಿ ಮ್ಯಾಲ ಬೋರಲಾದವು:
ಹಾಲಿನಪುಡಿ ಡಬ್ಬಿ, ಬಣ್ಣದ ಡಬ್ಬಿ,
ಬಿಳಿಜ್ವಾಳ, ಕೆಂಪುಜ್ವಾಳ, ನಡುವ ಯಾರದೋ ಅವಸರದ ಗೋದಿ.
ಒಂದರಾಗ ಅಂಗಿ ಗುಂಡಿ ಬಂತು.
ಯಾರ ಮನಿದಂತ ಎಲ್ಲಾರಿಗೂ ಗೊತ್ತಿತ್ತು, ಯಾರೂ ಅನಲಿಲ್ಲ.
ಸಭಾಪಾಲಕರು ಪ್ರಾರ್ಥನಿ ಸಣ್ಣದು ಮಾಡಿದ್ರು,
ಕರೆಂಟು ಹೋಗೂ ಹೊತ್ತಾಗಿತ್ತು.

ನೀವೇ ಹೇಳಿದ್ರಿ, ಕತ್ತಲಾದ ಮ್ಯಾಲ ಒಯ್ರಿ,
ಎಡಗೈಗೇ ತಿಳಿಬಾರದು, ಓಣಿಗಂತೂ ಬ್ಯಾಡ ಅಂತ.
ಓಣಿಗೆ ತಿಳಿಯದ್ದು ಏನೈತ್ರಿ ಮಾಸ್ತರ?
ನಾಯಿ ಸಹಿತ ಚೀಲದ ತೂಕ ನೋಡಿ ಸರದು ನಿಂತ್ವು.
ಒಂದು ಕಾಲಕ್ಕ ಈ ಓಣ್ಯಾಗ ಮಾತಾಡಬೇಕಂದ್ರ
ಮಗ್ಗದ ಸಪ್ಪಳಕ್ಕಿಂತ ದೊಡ್ಡ ದನಿ ಬೇಕಿತ್ತು.
ಈಗ ನನ್ನ ಚಪ್ಪಲಿ ನನಗ ಕೇಳತಿತ್ತು.

ಬನವ್ವನ ಮನ್ಯಾಗ ಮಗ್ಗದ ಕುಣಿಗೆ
ಹಲಿಗಿ ಮುಚ್ಚಿ, ಮ್ಯಾಲ ಕೌದಿ ಹಾಸಿದ್ರು.
ನೀಲಕಂಠಪ್ಪ ಅದರ ಮ್ಯಾಲ ಮಲಗಿದ್ದ,
ಇಪ್ಪತ್ತು ವರ್ಷ ಕಾಲು ಇಳಿಬಿಟ್ಟು ಕುಂತ ಜಾಗದ ಮ್ಯಾಲೇ.
ಜರ್ಮನ್ ದವಾಖಾನಿ ಚೀಟಿ ದಿಂಬಿನ ಕೆಳಗ.
"ನೀವು ಹೆರಿಗಿ ವಾರ್ಡಿನ ರಾಹೇಲವ್ವ ಅಲ್ರಿ?
ನನ್ನ ಮಗಳನ್ನ ಮೊದಲ ಎತ್ತಿಕೊಂಡವ್ರು ನೀವೇ."
ಎಷ್ಟು ಕೂಸು ಎತ್ತೀನೋ, ನೆನಪಿರಲಿಲ್ಲ.
ಹೌದು ಅಂದೆ. ಅದೂ ಒಂದು ಸುಳ್ಳು, ಬರಕೊಳ್ರಿ.

ಚೀಲ ಇಳಿಸಿ ಹೊಳ್ಳಿದೆ.
"ತಡೀರಿ," ಅಂದ್ಲು ಬನವ್ವ.
ನಾ ತಂದ ಚೀಲದ್ದೇ ಬಾಯಿ ಬಿಚ್ಚಿದ್ಲು, ಮೊರ ತಂದ್ಲು,
ಕುಂಕುಮದ ಬಟ್ಟಲಕ್ಕ ಕೈ ಹೋತು,
ನನ್ನ ಬರಿ ಹಣಿ ನೋಡಿ ಅರ್ಧ ದಾರಿಯಾಗ ನಿಂತು
ಹೊಳ್ಳಿ ಬಂತು.
"ಸೆರಗು ಒಡ್ರಿ."

ಮಾಸ್ತರ, ಕರುಣಾಕರ ಹೋಗಿ ಒಂಬತ್ತು ವರ್ಷ.
ಆವತ್ತಿಂದ ಯಾರ ಮನ್ಯಾಗೂ ಯಾರೂ
ನನ್ನ ಸೆರಗು ಕೇಳಿಲ್ಲ. ನಮ್ಮವರೂ ಕೇಳಿಲ್ಲ.
ಸಭಿಯೊಳಗ ಅಂಥಾದ್ದೇನೂ ಇಲ್ಲ ಅಂತೀವಿ,
ಆದ್ರ ಮದವಿಯೊಳಗ ನಾವು ಕೆಲವರು
ಹಿಂದಿನ ಬೆಂಚು ಹುಡುಕತೀವಿ, ನೀವು ನೋಡೀರಿ.
"ನನಗ ಉಡಿ ತುಂಬಬಾರದವಾ, ನಮ್ಮವ್ರು ಇಲ್ಲ," ಅಂದೆ.
"ಗೊತ್ತೈತ್ರಿ. ಒಡ್ರಿ. ಕೈ ನೋಯಾಕ ಹತ್ತಾವ."

ಒಂದು.
ಎರಡು.
ಮೂರನೇದಕ್ಕ ಸೆರಗು ನಡುಗಿ
ನಾಕು ಕಾಳು ನೆಲಕ್ಕ ಬಿದ್ದು
ಹಲಿಗಿ ಸಂದ್ಯಾಗಿಂದ ಕುಣಿಗೆ ಇಳದ್ವು.
ಆಕಿ ನಿಲ್ಲಲಿಲ್ಲ. ನಾಕು. ಐದು.
ಎಲ್ಲಾ ನಮ್ಮ ಡಬ್ಬಿಗಳದೇ, ಎಸ್ತೇರಿ ಅಳದದ್ದೇ,
ನಿಮ್ಮ ತಕ್ಕಡಿಯಾಗ ಪಾವು ಕಿಲೋ ಮ್ಯಾಲ ಸ್ವಲ್ಪ.

ಹೊಳ್ಳಿ ಡಬ್ಬಿಗೆ ಹಾಕಬೇಕಿತ್ತು ನಾನು.
ನೀವು ಹಂಗ ಅಂತೀರಿ, ಖರೇನೂ ಐತಿ.
ಇವತ್ತ ಆರಾಧನಿಗೆ ತಡಾ ಆಗಿ ಬಂದೆನಲ್ಲ,
ಇಷ್ಟಕ್ಕ ಗಿರಣಿಯವ ನಗತಾನಂತ
ಮಂಚದ ಕೆಳಗಿನ ಬೀಸುಕಲ್ಲು ಎಳದು ಕುಂತಿದ್ದೆ.
ನಾಕು ರೊಟ್ಟಿ ಆದ್ವು.
ಮೂರು ನಾನೇ ತಿಂದೆ, ಬರೇ ಖಾರ ಹಚ್ಚಿ,
ಒಲಿ ಮುಂದ, ನಿಂತಕೊಂಡು.
ನಾಕನೇದು ಈ ವಸ್ತ್ರದಾಗೈತಿ.
ಮೊದಲ ಮುರೀರಿ ಮಾಸ್ತರ, ಇನ್ನೂ ಬೆಚ್ಚಗೈತಿ.
ಆಮ್ಯಾಲ ಎಲ್ಲಿ ಬರೀತೀರೋ ಬರಕೊಳ್ರಿ,
ಜಮಾನೋ, ಖರ್ಚೋ.