ಬಲಕ್ಕೆ ಬಲೆ

ತಾಮ್ರದಲ್ಲಿ ಬಲಕ್ಕೇ ಇತ್ತು ಬಲೆ.
ನಾನೇ ಮಸಿ ತುಂಬಿದವಳು, ಹರುಕು ಬಟ್ಟೆಯಿಂದ ಒರೆಸಿದವಳು,
ಕೊನೆಗೆ ಸುಣ್ಣದ ಪುಡಿ ಸವರಿದ ಅಂಗೈಯಿಂದ,
ಗೆರೆಯೊಳಗಿನ ಕಪ್ಪು ಏಳದ ಹಾಗೆ.
ಒದ್ದೆ ಕಾಗದ, ಮೇಲೆ ಕಂಬಳಿ. ರಾಟೆಯ ಒಂದು ಕೈಗೆ
ಮೈಭಾರವೆಲ್ಲ ಜೋತು ಎಳೆದಾಗ
ಮರದ ಉರುಳೆ ನರಳಿ ಹೊರಳಿತು.

ಕಂಬಳಿ ಎತ್ತಿದರೆ ಬಲೆ ಎಡಕ್ಕೆ.

'ಎಡವಿದೆ' ಅಂದ ಗಿಲ್ಲಿಸ್ ಮಾವ. ಅಷ್ಟೇ.
ದಡದಲ್ಲಿ ನಿಂತ ಗುರುವಿನ ಕೈಯನ್ನು ನೆನಪಿಟ್ಟು
ತಿರುಗಿಸಿ ಕೊರೆದಿದ್ದ, ಕಾಗದದ ಮೇಲೆ ಅದು ಬಲಗೈಯೇ.
ಚುಕ್ಕಾಣಿ ನಮ್ಮ ಕಡೆಗಿರುವ ಆ ದೋಣಿಯನ್ನು ಮರೆತಿದ್ದ.
ಏಳು ಜನ ಬೆಸ್ತರು
'ಬಲಗಡೆಗೆ ಬೀಸಿರಿ' ಎಂಬುದನ್ನು ಚೆನ್ನಾಗಿ ಕೇಳಿಸಿಕೊಂಡು
ಎಡಗಡೆಗೆ ಬೀಸಿ, ನೂರೈವತ್ತಮೂರು ಮೀನಿನ ಭಾರಕ್ಕೆ
ಸೊಂಟ ಬಗ್ಗಿಸಿ ನಿಂತಿದ್ದಾರೆ.

ಉಪವಾಸದ ನಲವತ್ತು ದಿನ ಶುರುವಾಗುವ ಮೊದಲು
ಮಠಕ್ಕೆ ಇನ್ನೂರು ಪ್ರತಿ ಹೋಗಬೇಕು.
ತಾಮ್ರವೇನು ಗೋಡೆಯೇ, ಸುಣ್ಣ ಬಳಿದು ಮುಚ್ಚಲು?

ಆಂಟ್‌ವರ್ಪಿನ ಆ ಫೆಬ್ರವರಿ ಮಧ್ಯಾಹ್ನ
ಮೀನಿನ ಬಾಕಿ ಕೇಳಲು ಬಂದಳು ದಿಂಗ್ನೆ.
ಗುರುವನ್ನು ನೋಡಲಿಲ್ಲ, ದೋಣಿಯನ್ನು ನೋಡಲಿಲ್ಲ,
ಮೂಲೆಯ ಒಂದು ಚಪ್ಪಟೆ ಮೀನಿನ ಮೇಲೆ ಹೆಬ್ಬೆರಳಿಟ್ಟಳು.
'ಇದರ ಕಣ್ಣು ತಪ್ಪು ಮಗ್ಗುಲಿಗಿವೆಯಲ್ಲ!
ಮೂವತ್ತು ವರ್ಷ ಇವುಗಳ ಕರುಳು ಕಿತ್ತವಳು ನಾನು.'

ಗಲಿಲಾಯದ ನೀರನ್ನು ನಾವು ಯಾರೂ ಕಂಡಿಲ್ಲ.
ಮಾವನ ಅಲೆಗಳೆಲ್ಲ ಸ್ಕೆಲ್ಟ್ ನದಿಯವು.
ಆ ಮೀನೂ ಅವಳ ಬುಟ್ಟಿಯದೇ, ತಟ್ಟೆಯಲ್ಲಿಟ್ಟು
ಮನೆಯೆಲ್ಲ ನಾರುವ ತನಕ ನೋಡಿ ನೋಡಿ ಕೊರೆದದ್ದು.
ದುಡ್ಡು ಕೊಟ್ಟಿರಲಿಲ್ಲ.

ಅವನ ಮುಖ ನೋಡಿ ದನಿ ತಗ್ಗಿಸಿದಳು:
'ಇಂಥವೂ ಬೀಳುತ್ತವೆ ಬಿಡು, ಎಷ್ಟೋ ಬುಟ್ಟಿಗೊಂದು.
ಮಾರುವುದಿಲ್ಲ. ಮನೆಗೊಯ್ದು ನಾನೇ ತಿನ್ನುತ್ತೇನೆ.
ರುಚಿ ಅದೇ.'

ಬಾಕಿಗೆ ಬದಲು ಆ ಹಾಳೆಯನ್ನೇ ಕೇಳಿ
ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.
ನಾನಿದ್ದದ್ದು ಕಾಗದದ ಬೆನ್ನ ಕಡೆ.
ಅವಳ ಬೆರಳಿನ ಮೀನೆಣ್ಣೆ ಇಳಿದಲ್ಲಿ ಕಾಗದ ಗಾಜಾಗಿತ್ತು.
ಹೆಬ್ಬೆರಳಗಲದ ಆ ನೀರಿನಲ್ಲಿ
ಒಂದು ಮೀನು, ಎರಡೂ ಕಣ್ಣು ಬಲಕ್ಕೆ,
ಅದರ ಮೇಲೆ ಬಲೆಯ ನಾಲ್ಕು ಕಣ್ಣು.

ಮಾವನನ್ನು ಕರೆಯೋಣವೆಂದುಕೊಂಡೆ.
ಅಷ್ಟರಲ್ಲಿ ಅವಳು ಸುರುಳಿ ಸುತ್ತಿ
ಕಂಕುಳಲ್ಲಿ ಇರುಕಿಕೊಂಡಳು.